ಕಡಲಾಮೆ ತತ್ತಿ ಇಡುವ ದಂಡೆ: ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಡಿಸೆಂಬರ್ ಬಂತೆಂದರೆ ನಮ್ಮ ಮೂರೂ ಜಿಲ್ಲೆಗಳ ಶಾಲಾ ಪ್ರವಾಸದ ಬಸ್ಸುಗಳು ಗೋಕರ್ಣ, ಮುರುಡೇಶ್ವರದ ದಾರಿ ಹಿಡಿಯುತ್ತವೆ. ಶಿವರಾತ್ರಿಗೆ ಗೋಕರ್ಣಕ್ಕೆ ಹೋಗಿ ಬರುವವರೂ ಬಹಳ. ಕಡಲಾಮೆಗಳು ತತ್ತಿ ಇಡಲು ದಂಡೆ ಏರುವ ಕಾಲವೂ ಅದೇ. ಸಮುದ್ರವನ್ನು ಅಪರೂಪಕ್ಕೆ ಕಾಣುವ ನಮ್ಮ ಮಂದಿ ಆಮೆ ಕಂಡಾಗ ಮಾಡುವ ತಪ್ಪುಗಳು ಕೆಟ್ಟ ಮನಸ್ಸಿನವಲ್ಲ. ಎತ್ತಿ ನೀರಿಗೆ ಬಿಡುವುದು, ಬ್ಯಾಟರಿ ಹಿಡಿದು ದಾರಿ ತೋರಿಸುವುದು, ತತ್ತಿ ಬಿಸಿಲಿಗೆ ಕೆಟ್ಟೀತೆಂದು ನೆರಳಿಗೆ ತರುವುದು, ಎಲ್ಲವೂ ಉಪಕಾರವೆಂದೇ ಮಾಡುವ ಕೆಲಸಗಳು. ಪೆಟ್ಟು ಬೀಳುವುದು ಮಾತ್ರ ಆಮೆಗೆ. ತುಂಗಭದ್ರಾ, ಕೃಷ್ಣಾ ಹೊಳೆಗಳ ಆಮೆಗಳ ಬಗ್ಗೆ ಕೇಳುವ ಪ್ರಶ್ನೆಗಳನ್ನು ಕೆಳಗಡೆ ಕೊಟ್ಟಿದೆ.

ಕರ್ನಾಟಕದ ದಂಡೆಗೆ ತತ್ತಿ ಇಡಲು ಬರುವುದು ಯಾವ ಆಮೆ?

ಹೆಚ್ಚುಕಡಿಮೆ ಎಲ್ಲವೂ ಆಲಿವ್ ರಿಡ್ಲೆ. ಜಗತ್ತಿನಲ್ಲಿ ಕಡಲಾಮೆಗಳು ಒಟ್ಟು 7 ಜಾತಿ. ಭಾರತದ ಕಡಲಿನಲ್ಲಿ ಕಾಣುವವು 5: ಆಲಿವ್ ರಿಡ್ಲೆ, ಹಸಿರು ಆಮೆ, ಹಾಕ್ಸ್‌ಬಿಲ್, ಲೆದರ್‌ಬ್ಯಾಕ್, ಲಾಗರ್‌ಹೆಡ್. ಹಸಿರು ಆಮೆ ತತ್ತಿ ಇಡುವುದನ್ನು ನೋಡಬೇಕೆಂದರೆ ಲಕ್ಷದ್ವೀಪಕ್ಕೆ, ಲೆದರ್‌ಬ್ಯಾಕ್ ನೋಡಬೇಕೆಂದರೆ ಅಂಡಮಾನ್ ನಿಕೋಬಾರಿಗೆ ಹೋಗಬೇಕು. ಈ ಐದರಲ್ಲಿ ರಿಡ್ಲೆಯೇ ಚಿಕ್ಕದು. ಚಿಪ್ಪಿನ ಉದ್ದ 60ರಿಂದ 70 ಸೆಂ.ಮೀ., ತೂಕ 35ರಿಂದ 50 ಕೆ.ಜಿ. ನಮ್ಮ ಹೊಲದ ಆಮೆಯ ಹಾಗೆ ತಲೆ, ಕಾಲುಗಳನ್ನು ಚಿಪ್ಪಿನೊಳಗೆ ಎಳೆದುಕೊಳ್ಳಲು ಕಡಲಾಮೆಗೆ ಬರುವುದಿಲ್ಲ. ಕಾಲು ಎನ್ನುವುದೂ ಅಷ್ಟು ಸರಿಯಲ್ಲ, ಅವು ಈಜಲೆಂದೇ ಇರುವ, ದೋಣಿಯ ಹುಟ್ಟಿನಂಥ ಹುಟ್ಟುಗಳು. ಹಾಗಾಗಿಯೇ ನೆಲದ ಮೇಲೆ ಅದಕ್ಕೆ ಅಷ್ಟು ಕಷ್ಟ. ಗಂಡು ಆಮೆ ಹುಟ್ಟಿದ ದಿನ ನೀರಿಗಿಳಿದರೆ ಮತ್ತೆ ದಂಡೆ ಏರುವುದಿಲ್ಲ. ನೀವು ದಂಡೆಯಲ್ಲಿ ತಗ್ಗು ತೋಡುತ್ತಿರುವ ಆಮೆ ಕಂಡರೆ ಅದು ಹೆಣ್ಣೇ.

ಯಾವ ತಿಂಗಳಲ್ಲಿ ಹೋದರೆ ಕಾಣಬಹುದು?

ಮಳೆಗಾಲ ಮುಗಿದ ಮೇಲೆ ಶುರುವಾಗಿ ಮಾರ್ಚ್‌ವರೆಗೆ. ಜನವರಿ, ಫೆಬ್ರವರಿ ಹೆಚ್ಚು ನೆಚ್ಚಬಹುದಾದ ತಿಂಗಳುಗಳು. ಆಮೆ ಬರುವುದು ರಾತ್ರಿ. ತತ್ತಿ ಒಡೆದು ಮರಿ ಹೊರಬರಲು 45ರಿಂದ 60 ದಿನ ಬೇಕಾಗುವುದರಿಂದ, ಮರಿಗಳನ್ನು ನೋಡುವ ಆಸೆಯಿದ್ದವರು ಫೆಬ್ರವರಿ ಕೊನೆಯಿಂದ ಏಪ್ರಿಲ್ ನಡುವೆ ಹೋಗುವುದು ಒಳ್ಳೆಯದು.

ಹುಣ್ಣಿಮೆ, ಅಮಾವಾಸ್ಯೆಗೇ ಬರುತ್ತವಂತೆ, ಹೌದೇ?

ನಮ್ಮ ಕರಾವಳಿಗೆ ಒಂಟಿಯಾಗಿ ಬರುವ ಆಮೆಗಳು ಪಂಚಾಂಗ ನೋಡುವುದಿಲ್ಲ. ಯಾವ ರಾತ್ರಿಯಾದರೂ ಬಂದಾವು. ಭರತ, ಅಂದರೆ ಕಡಲಿನ ಉಬ್ಬರ, ಏರಿದಾಗ ಬಂದರೆ ತೆವಳುವ ದೂರ ಕಡಿಮೆಯಾಗುತ್ತದೆ ಎನ್ನುವುದಷ್ಟೇ ನಿಜ.

ಫೋನಿನಲ್ಲಿ ನೋಡಿದ ಹಾಗೆ ದಂಡೆ ತುಂಬ ಸಾವಿರಾರು ಆಮೆ ಹೊನ್ನಾವರದಲ್ಲಿ ಕಾಣುತ್ತವೆಯೇ?

ಇಲ್ಲ. ಆ ವಿಡಿಯೊಗಳು ಒಡಿಶಾದವು. ಗಹಿರ್‌ಮಠಾ ಮತ್ತು ರುಷಿಕುಲ್ಯಾ ನದಿ ಸಮುದ್ರ ಸೇರುವ ಜಾಗ, ಈ ಎರಡು ಕಡೆ ಆಲಿವ್ ರಿಡ್ಲೆಗಳು ಕೆಲವೇ ರಾತ್ರಿಗಳಲ್ಲಿ ಸಾವಿರ, ಲಕ್ಷದ ಲೆಕ್ಕದಲ್ಲಿ ಒಟ್ಟಿಗೆ ದಂಡೆ ಏರುತ್ತವೆ. ಇದಕ್ಕೆ ಅರಿಬಾಡಾ ಎಂದು ಹೆಸರು. ಅದು ಇಂಥ ದಿನವೇ ಆಗುತ್ತದೆಂದು ಮೊದಲೇ ಹೇಳಲು ಬರುವುದಿಲ್ಲ. ಕೆಲವು ವರ್ಷ ಆಗದೆಯೂ ಉಂಟು. ಕರ್ನಾಟಕದಲ್ಲಿ ಆಮೆಗಳು ಒಂದೊಂದಾಗಿ, ಚದುರಿ ಬರುತ್ತವೆ. ಒಂದು ರಾತ್ರಿ ದಂಡೆ ಕಾದರೆ ಒಂದೂ ಕಾಣದೆ ಹೋಗುವ ಸಾಧ್ಯತೆಯೇ ಹೆಚ್ಚು. ಆಮೆ ತೋರಿಸುತ್ತೇವೆಂದು ಖಾತ್ರಿ ಕೊಟ್ಟು ದುಡ್ಡು ಕೇಳುವವರಿದ್ದರೆ ಅಲ್ಲಿಂದ ಎದ್ದು ಬನ್ನಿ. ಖಾತ್ರಿಯಾಗಿ ತೋರಿಸಬೇಕೆಂದರೆ ಆಮೆಯನ್ನೋ ಮರಿಗಳನ್ನೋ ಹಿಡಿದಿಟ್ಟುಕೊಂಡಿರಬೇಕು, ಅದು ಅಪರಾಧ.

ಎಲ್ಲಿಗೆ ಹೋಗಬೇಕು? ದಾರಿ ಹೇಗೆ?

ಹೊನ್ನಾವರದ ಹತ್ತಿರ ಶರಾವತಿ ಅಳಿವೆಯ ದಕ್ಷಿಣಕ್ಕಿರುವ ಕಾಸರಕೋಡು ಟೊಂಕ, ಕಾರವಾರದಲ್ಲಿ ಕಾಳಿ ನದಿ ಸೇರುವಲ್ಲಿರುವ ದೇವಬಾಗ, ಕುಂದಾಪುರದ ಕೋಡಿ, ಇವು ಆಮೆ ತತ್ತಿ ಇಟ್ಟ ದಂಡೆಗಳೆಂದು ಹೆಸರಾದವು. ಬಳ್ಳಾರಿಯಿಂದ ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದರೆ ಅಂಕೋಲಾ. ಅಲ್ಲಿಂದ ಎಡಕ್ಕೆ ಕುಮಟಾ, ಹೊನ್ನಾವರ, ಬಲಕ್ಕೆ ಕಾರವಾರ. ರಾಯಚೂರಿನವರು ಮಾನ್ವಿ, ಸಿಂಧನೂರು, ಗಂಗಾವತಿ ಮೇಲೆ ಕೊಪ್ಪಳ ಸೇರಿಕೊಳ್ಳಬಹುದು. ಹುಬ್ಬಳ್ಳಿಯಿಂದ ಅಂಕೋಲಾಕ್ಕೆ ರೈಲು ಮಾರ್ಗವಿಲ್ಲ, ಹುಬ್ಬಳ್ಳಿಯವರೆಗೆ ರೈಲಿನಲ್ಲಿ ಬಂದರೂ ಮುಂದೆ ಬಸ್ಸೇ ಗತಿ. ತಲುಪಿದ ಮೇಲೆ ನೇರ ದಂಡೆಗೆ ಹೋಗಬೇಡಿ. ಆ ಭಾಗದ ವಲಯ ಅರಣ್ಯ ಕಚೇರಿಗೆ ಮೊದಲು ಹೋಗಿ ಕೇಳಿ. ಕಾಯ್ದಿಟ್ಟ ಗೂಡುಗಳು ಎಲ್ಲಿವೆ, ಯಾವುದರ ದಿನ ತುಂಬುತ್ತಿದೆ ಎನ್ನುವುದು ಅವರಿಗೂ, ದಂಡೆಯ ಮೀನುಗಾರರಿಗೂ ಗೊತ್ತಿರುತ್ತದೆ.

ಆಮೆ ತತ್ತಿ ಇಡುವುದು ಹೇಗೆ? ಎಷ್ಟು ಹೊತ್ತು ಹಿಡಿಯುತ್ತದೆ?

ನೀರಿನಿಂದ ಎದ್ದು ಹಿಂತಿರುಗುವವರೆಗೆ ಸುಮಾರು ಒಂದು ತಾಸು. ಇದರಲ್ಲಿ ಅದು ಗಾಬರಿ ಬೀಳುವ ಹೊತ್ತು ಯಾವುದು, ಬೀಳದ ಹೊತ್ತು ಯಾವುದು ಎಂದು ತಿಳಿದುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲು ತೆರೆ ಒಡೆಯುವಲ್ಲಿ ತಲೆ ಎತ್ತಿ ನಿಲ್ಲುತ್ತದೆ. ಬೆಳಕು, ಜನರ ಓಡಾಟ, ನಾಯಿ ಕಂಡರೆ ಅಲ್ಲಿಂದಲೇ ವಾಪಸ್. ಸರಿಯೆನಿಸಿದರೆ ಭರತದ ಗೆರೆ ದಾಟಿ ಒಣ ಉಸುಕಿನವರೆಗೆ ತೆವಳಿ ಬರುತ್ತದೆ. ನಾಲ್ಕೂ ಹುಟ್ಟುಗಳಿಂದ ಮೇಲಿನ ಒಣ ಉಸುಕನ್ನು ಸರಿಸಿ ಮೈ ಕೂರುವಷ್ಟು ಜಾಗ ಮಾಡಿಕೊಳ್ಳುತ್ತದೆ. ಆಮೇಲೆ ಹಿಂದಿನ ಎರಡೇ ಹುಟ್ಟುಗಳ ಕೆಲಸ. ಒಂದು ಹುಟ್ಟು ಬಾಗಿ ತಗ್ಗಿನೊಳಗೆ ಇಳಿದು ಬೊಗಸೆಯಷ್ಟು ಉಸುಕು ಎತ್ತಿ ಪಕ್ಕಕ್ಕೆ ಇಡುತ್ತದೆ, ಅದೇ ಹೊತ್ತಿಗೆ ಇನ್ನೊಂದು ಹುಟ್ಟು ತಗ್ಗಿನ ಬಾಯಿಯ ಹತ್ತಿರ ಬಿದ್ದ ಉಸುಕನ್ನು ಮುಂದಕ್ಕೆ ಚಿಮ್ಮುತ್ತದೆ. ಹೀಗೆ ಎಡ, ಬಲ, ಎಡ, ಬಲ. ಹಿಂತಿರುಗಿ ಒಮ್ಮೆಯೂ ನೋಡುವುದಿಲ್ಲ, ಎಲ್ಲ ಹುಟ್ಟಿನ ತುದಿಯ ಅಂದಾಜು. ಹುಟ್ಟು ತಳ ಮುಟ್ಟದಾದಾಗ ತೋಡುವುದು ನಿಲ್ಲುತ್ತದೆ. ಅಷ್ಟರಲ್ಲಿ ಸುಮಾರು ಒಂದು ಮೊಳ, ಅಂದರೆ 45 ಸೆಂ.ಮೀ. ಆಳವಾಗಿರುತ್ತದೆ. ಗೂಡಿನ ಆಕಾರ ನೀರಿನ ಗಡಿಗೆಯಂತೆ, ಕುತ್ತಿಗೆ ಕಿರಿದು, ಹೊಟ್ಟೆ ಅಗಲ.

ಈ ಆಕಾರ ನಿಲ್ಲಬೇಕಾದರೆ ಉಸುಕಿನಲ್ಲಿ ಹಸಿ ಇರಬೇಕು. ತೀರಾ ಒಣಗಿದ್ದರೆ ಗೋಡೆ ಕುಸಿಯುತ್ತದೆ, ಆಮೆ ತಗ್ಗು ಬಿಟ್ಟು ಬೇರೆಡೆ ತೋಡುತ್ತದೆ ಅಥವಾ ತತ್ತಿ ಇಡದೆ ಸಮುದ್ರಕ್ಕೆ ಮರಳುತ್ತದೆ. ಬೇರು, ಪ್ಲಾಸ್ಟಿಕ್, ಹರಿದ ಬಲೆ ಸಿಕ್ಕರೂ ಹೀಗೇ.

ತತ್ತಿಗಳು ಎರಡು ಮೂರರಂತೆ ಬೀಳುತ್ತವೆ. ಒಂದು ಗೂಡಿಗೆ ಸಾಮಾನ್ಯವಾಗಿ 100ರಿಂದ 120. ಬಿಳಿ, ದುಂಡು, ಅಡ್ಡಳತೆ ಸುಮಾರು 4 ಸೆಂ.ಮೀ. ಕೋಳಿ ತತ್ತಿಯ ಹಾಗೆ ಗಟ್ಟಿ ಸಿಪ್ಪೆಯಲ್ಲ, ಮೆತ್ತನೆಯ ತೊಗಲಿನಂಥದು, ಹಾಗಾಗಿ ಅಷ್ಟು ಎತ್ತರದಿಂದ ಬಿದ್ದರೂ ಒಡೆಯುವುದಿಲ್ಲ. ಕೊನೆಗೆ ಉಸುಕು ಮುಚ್ಚಿ, ಮೈಯನ್ನು ಎಡಕ್ಕೂ ಬಲಕ್ಕೂ ವಾಲಿಸುತ್ತ ಎದೆಚಿಪ್ಪಿನಿಂದ ದಬದಬ ಬಡಿದು ಗಟ್ಟಿ ಮಾಡುತ್ತದೆ. ರಿಡ್ಲೆಗಳ ಈ ಬಡಿತ ಶಾಂತ ರಾತ್ರಿಯಲ್ಲಿ ನಿಂತವರಿಗೆ ಕೇಳಿಸುತ್ತದೆ. ಉಸುಕನ್ನು ಸುತ್ತ ಎರಚಿ ಗುರುತು ಅಳಿಸಿ ನೀರಿಗೆ ಹೊರಡುತ್ತದೆ. ಮತ್ತೆ ಆ ಗೂಡಿನ ಹತ್ತಿರ ಬರುವುದಿಲ್ಲ. ಅದೇ ಆಮೆ ಕೆಲವು ವಾರ ಬಿಟ್ಟು ಇನ್ನೊಂದು ಗೂಡು ಮಾಡಬಹುದು.

ರಾತ್ರಿ ದಂಡೆಯಲ್ಲಿ ಆಮೆ ಎದುರಾದರೆ ಏನು ಮಾಡಬೇಕು?

ಇದ್ದಲ್ಲೇ ಕುಳಿತುಬಿಡಿ. ಫೋನು, ಬ್ಯಾಟರಿ ಆರಿಸಿ. ಅದು ಮೇಲೆ ಬರುತ್ತಿರುವಾಗ, ತಗ್ಗು ತೋಡುತ್ತಿರುವಾಗ ಅಲುಗಾಡಬೇಡಿ, ಆಗಲೇ ಅದು ಬೇಗ ಬೆದರುವುದು. ತತ್ತಿ ಬೀಳಲು ಶುರುವಾದ ಮೇಲೆ ಸುಲಭಕ್ಕೆ ಎದ್ದು ಹೋಗುವುದಿಲ್ಲ. ಆಗಲೂ ನೋಡುವವರು ಅದರ ಹಿಂದೆ, ಕಣ್ಣಿಗೆ ಬೀಳದ ಕಡೆ, ಹತ್ತು ಮೀಟರ್ ದೂರದಲ್ಲಿ ಇರಬೇಕು. ಅದಕ್ಕೂ ಸಮುದ್ರಕ್ಕೂ ನಡುವೆ ಯಾರೂ ನಿಲ್ಲಬಾರದು. ಬೆಳಕು ಬೇಕೇ ಬೇಕೆಂದರೆ ಬ್ಯಾಟರಿಗೆ ಕೆಂಪು ಜಿಲೆಟಿನ್ ಕಾಗದ ಎರಡು ಮೂರು ಪದರ ಕಟ್ಟಿ ನೆಲಕ್ಕೆ ಹಿಡಿಯಿರಿ. ಫ್ಲ್ಯಾಷ್ ಹಾಕಿ ಫೋಟೊ ತೆಗೆಯುವುದಂತೂ ಬೇಡವೇ ಬೇಡ. ಮಕ್ಕಳನ್ನು ಬೆನ್ನ ಮೇಲೆ ಕೂರಿಸಿ ಫೋಟೊ ತೆಗೆಯುವ ಚಾಳಿ ಇನ್ನೂ ಹೋಗಿಲ್ಲ. ನೆಲದ ಮೇಲೆ ಮೈಭಾರಕ್ಕೇ ಉಸಿರಾಟ ಕಷ್ಟವಾಗಿರುವ ಪ್ರಾಣಿಯ ಮೇಲೆ ಇನ್ನಷ್ಟು ಭಾರ ಹೇರಿದ ಹಾಗಾಗುತ್ತದೆ.

ತತ್ತಿ ಇಡುವಾಗ ಅಳುತ್ತದಲ್ಲ?

ನೋವಿನ ಕಣ್ಣೀರಲ್ಲ. ಸಮುದ್ರದ ನೀರು, ಆಹಾರದಿಂದ ಮೈಸೇರಿದ ಹೆಚ್ಚಿನ ಉಪ್ಪನ್ನು ಕಣ್ಣಿನ ಹಿಂದಿನ ಗ್ರಂಥಿ ಹೊರಹಾಕುತ್ತದೆ. ನೀರಿನಲ್ಲಿದ್ದಾಗಲೂ ಇದು ನಡೆದೇ ಇರುತ್ತದೆ, ದಂಡೆಯ ಮೇಲೆ ಕಣ್ಣಿಗೆ ಬೀಳುತ್ತದೆ ಅಷ್ಟೆ.

ಬೆಳಿಗ್ಗೆ ಹೆಜ್ಜೆಗುರುತು ಕಂಡರೆ ಗೂಡು ಹುಡುಕಬಹುದೇ?

ನೋಡಬಹುದು, ಕೆದಕಬಾರದು. ರಿಡ್ಲೆಯ ಜಾಡು ಸುಮಾರು 70ರಿಂದ 80 ಸೆಂ.ಮೀ. ಅಗಲ. ಎಡ ಬಲ ಹುಟ್ಟುಗಳ ಗುರುತು ಎದುರುಬದುರಾಗಿ ಇರದೆ ಹಿಂದೆ ಮುಂದೆ ಬಿದ್ದಿರುತ್ತದೆ. ಹಸಿರು ಆಮೆ, ಲೆದರ್‌ಬ್ಯಾಕ್ ಎರಡೂ ಹುಟ್ಟು ಒಟ್ಟಿಗೆ ಹಾಕಿ ಚಲಿಸುವುದರಿಂದ ಅವುಗಳ ಜಾಡು ಜೋಡಿಜೋಡಿಯಾಗಿರುತ್ತದೆ, ಅಗಲವೂ ಹೆಚ್ಚು. ಏರಿದ ಜಾಡು, ಇಳಿದ ಜಾಡು ಎರಡರ ನಡುವೆ ಉಸುಕು ಚೆಲ್ಲಾಡಿದ ದುಂಡನೆಯ ಜಾಗವಿದ್ದರೆ ಗೂಡು ಇರಬಹುದು. ಬರೀ ತಿರುಗಿ ಹೋದ ಜಾಡಾದರೆ ಬೆದರಿ ಮರಳಿದೆ ಎಂದರ್ಥ.

ಕೋಲು ಚುಚ್ಚಿ ಗೂಡು ಪತ್ತೆ ಹಚ್ಚುವ ಪದ್ಧತಿ ದಂಡೆಗಳಲ್ಲಿದೆ. ಕೈ ಪಳಗಿದವರಿಗೆ ಉಸುಕು ಮೆತ್ತಗಾದದ್ದು ಕೋಲಿನಲ್ಲೇ ತಿಳಿಯುತ್ತದೆ. ಪಳಗದ ಕೈ ತತ್ತಿಗೇ ಚುಚ್ಚುತ್ತದೆ. ಒಂದು ತತ್ತಿ ಒಡೆದರೆ ಇರುವೆ, ಬೂಸ್ಟು ಸೇರಿ ಪಕ್ಕದವನ್ನೂ ಕೆಡಿಸುತ್ತವೆ, ವಾಸನೆಗೆ ನಾಯಿ, ನರಿ ಬರುತ್ತವೆ. ಜಾಗದ ಫೋಟೊ ತೆಗೆದು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ. ಆ ಫೋಟೊವನ್ನು ಜಾಗದ ಹೆಸರಿನ ಸಮೇತ ಊರಿಗೆಲ್ಲ ಹಂಚಬೇಡಿ, ತತ್ತಿ ಕದಿಯುವವರೂ ಫೋನ್ ನೋಡುತ್ತಾರೆ.

ತತ್ತಿಗಳನ್ನು ತೆಗೆದು ಸುರಕ್ಷಿತ ಜಾಗಕ್ಕೆ ಒಯ್ದರೆ ಒಳ್ಳೆಯದಲ್ಲವೇ?

ಹೆಚ್ಚು ಗೊಂದಲವಿರುವುದು ಇಲ್ಲೇ. ಕೋಳಿ ಕಾವು ಕೂತಾಗ ತತ್ತಿ ಹೊರಳಿಸುವುದನ್ನು ನೋಡಿದವರಿಗೆ ಆಮೆ ತತ್ತಿ ಹೊರಳಿಸಿದರೆ ಏನಾಗುತ್ತದೆ ಎನ್ನುವುದು ಹೊಳೆಯುವುದಿಲ್ಲ. ಇಟ್ಟ ಕೆಲವು ತಾಸುಗಳಲ್ಲಿ ಭ್ರೂಣ ಸಿಪ್ಪೆಯ ಮೇಲ್ಭಾಗದ ಒಳಪೊರೆಗೆ ಅಂಟಿಕೊಳ್ಳುತ್ತದೆ. ಆಮೇಲೆ ತತ್ತಿ ತಿರುಗಿದರೆ, ಕುಲುಕಿದರೆ ಆ ಪೊರೆ ಹರಿದು ಭ್ರೂಣ ಸಾಯುತ್ತದೆ. ಹೊರಗಿನಿಂದ ತತ್ತಿ ಚೆನ್ನಾಗಿಯೇ ಕಾಣುತ್ತದೆ, ಎರಡು ತಿಂಗಳು ಕಾದರೂ ಮರಿ ಬರುವುದಿಲ್ಲ. ಮೂರು ವಾರ ದಾಟುವವರೆಗೆ ಈ ಅಪಾಯ ತಪ್ಪಿದ್ದಲ್ಲ.

ಹಾಗಾಗಿ ಗೂಡು ಇದ್ದಲ್ಲೇ ಇರುವುದು ಮೊದಲ ಆಯ್ಕೆ. ಸುತ್ತ ಜಾಳಿಗೆ ಕಟ್ಟಿ ಕಾವಲಿದ್ದರೆ ಸಾಕು. ಭರತದ ನೀರು ಖಂಡಿತ ಹೊಕ್ಕುವ ಕಡೆ ಇಟ್ಟಿದ್ದರೆ, ನಾಯಿ, ಕಳ್ಳರ ಕಾಟ ತಡೆಯಲಾಗದಿದ್ದರೆ ಮಾತ್ರ ಅರಣ್ಯ ಇಲಾಖೆ ತತ್ತಿಗಳನ್ನು ಬೇಲಿ ಹಾಕಿದ ಕಾವಲು ಜಾಗಕ್ಕೆ, ಅಂದರೆ ಹ್ಯಾಚರಿಗೆ ಸಾಗಿಸುತ್ತದೆ. ಅಲ್ಲಿ ಪಾಲಿಸಬೇಕಾದ ಕ್ರಮ ಹೀಗಿದೆ.

ಸಾಗಿಸುವುದಾದರೆ ಇಟ್ಟ 6 ತಾಸಿನೊಳಗೆ, ಆದಷ್ಟು ಮೊದಲ ಎರಡು ತಾಸಿನಲ್ಲೇ. ಕೈ ಶುದ್ಧವಿರಬೇಕು, ಸೊಳ್ಳೆ ಮುಲಾಮು, ಎಣ್ಣೆ ಮೆತ್ತಿದ ಕೈ ಸಲ್ಲದು. ತೆಗೆಯುವಾಗ ಮೇಲಿನ ಮೈ ಮೇಲೇ ಇರುವಂತೆ ಒಂದೊಂದಾಗಿ ಎತ್ತಿ, ಗೂಡಿನ ಹಸಿ ಉಸುಕು ಹಾಕಿದ ಬಕೆಟ್ಟಿನಲ್ಲಿ ಇಡಬೇಕು. ಮೋಟಾರು ಸೈಕಲ್ಲಿನಲ್ಲಿ ಕುಲುಕಿಸಿಕೊಂಡು ಹೋದರೆ ಇಷ್ಟೆಲ್ಲ ಮಾಡಿದ್ದು ವ್ಯರ್ಥ, ನಡೆದೇ ಒಯ್ಯುವುದು ಲೇಸು. ಹೊಸ ತಗ್ಗು 45ರಿಂದ 50 ಸೆಂ.ಮೀ. ಆಳ, ಅದೇ ಕಿರಿಗುತ್ತಿಗೆಯ ಆಕಾರ. ತತ್ತಿ ಹಾಕಿದ ಮೇಲೆ ಮೊದಲು ಹಸಿ ಉಸುಕು, ಮೇಲೆ ಒಣ ಉಸುಕು. ಗೂಡಿಗೂ ಗೂಡಿಗೂ ಒಂದು ಮೀಟರ್ ಅಂತರ ಬೇಕು, ಬೆಳೆಯುವ ಮರಿಗಳೂ ಬಿಸಿ ಹುಟ್ಟಿಸುತ್ತವೆ, ಉಸಿರಾಡಲು ಉಸುಕಿನ ಸಂದಿನ ಗಾಳಿಯೂ ಬೇಕು. ತಾರೀಖು, ತತ್ತಿಗಳ ಎಣಿಕೆ ಬರೆದ ಫಲಕ ನೆಡಬೇಕು. ಹ್ಯಾಚರಿಯ ಜಾಗವನ್ನು ಪ್ರತಿ ಹಂಗಾಮಿಗೆ ಬದಲಿಸಬೇಕು. ಹೋದ ವರ್ಷದ ಒಡೆಯದ ತತ್ತಿ, ಸಿಪ್ಪೆ ಕೊಳೆತ ಉಸುಕಿನಲ್ಲೇ ಮತ್ತೆ ಹೂತರೆ ಬೂಸ್ಟು ಹತ್ತುತ್ತದೆ. 45ನೇ ದಿನದಿಂದ ಗೂಡಿನ ಮೇಲೆ ಬುಟ್ಟಿ ಅಥವಾ ಜಾಳಿಗೆ ಬಳೆ ಇಟ್ಟು ಸಂಜೆಯಿಂದ ಬೆಳಗಿನವರೆಗೆ ಆಗಾಗ ನೋಡುತ್ತಿರಬೇಕು, ಹೊರಬಂದ ಮರಿ ಬುಟ್ಟಿಯಲ್ಲೇ ಬಿಸಿಲೇರುವವರೆಗೆ ಸಿಕ್ಕಿಬಿದ್ದರೆ ಒಣಗಿ ಸಾಯುತ್ತದೆ.

ಇದನ್ನೆಲ್ಲ ಓದಿ ಯಾರೂ ತಾವೇ ಮಾಡಲು ಹೋಗಬಾರದು. ಅನುಮತಿಯಿಲ್ಲದೆ ತತ್ತಿ ಮುಟ್ಟುವುದೇ ಅಪರಾಧ.

ಮರಿ ಗಂಡೋ ಹೆಣ್ಣೋ ಎನ್ನುವುದನ್ನು ಉಸುಕಿನ ಬಿಸಿ ತೀರ್ಮಾನಿಸುತ್ತದಂತೆ?

ಹೌದು. ಕಡಲಾಮೆಗಳಲ್ಲಿ ಗೂಡಿನ ಉಷ್ಣಾಂಶ ಸುಮಾರು 29ರಿಂದ 30 ಡಿಗ್ರಿ ಸೆಲ್ಸಿಯಸ್ ಹತ್ತಿರ ಇದ್ದರೆ ಗಂಡು ಹೆಣ್ಣು ಎರಡೂ ಹುಟ್ಟುತ್ತವೆ. ಅದಕ್ಕಿಂತ ತಂಪಾದರೆ ಗಂಡು ಹೆಚ್ಚು, ಬಿಸಿಯಾದರೆ ಹೆಣ್ಣು ಹೆಚ್ಚು. ಕಾವಿನ ಅವಧಿಯ ನಡುವಿನ ಮೂರನೇ ಒಂದು ಭಾಗದಲ್ಲಿ ಇದು ನಿಶ್ಚಯವಾಗುತ್ತದೆ. 35 ಡಿಗ್ರಿ ಮೀರಿ ಬಹಳ ದಿನ ಇದ್ದರೆ ಮರಿಯೇ ಉಳಿಯುವುದಿಲ್ಲ. ಕೆಲವು ಹ್ಯಾಚರಿಗಳ ಮೇಲೆ ತೆಂಗಿನ ಗರಿ, ನೆರಳು ಬಲೆ ಹಾಕುವುದು ಇದಕ್ಕೇ. ತೀರಾ ದಟ್ಟ ನೆರಳು ಮಾಡಿದರೆ ಎಲ್ಲವೂ ಗಂಡಾದಾವು, ಹಾಗಾಗಿ ಥರ್ಮಾಮೀಟರ್ ಇಲ್ಲದೆ ಅಂದಾಜಿನಲ್ಲಿ ನೆರಳು ಕಟ್ಟುವುದು ಒಳ್ಳೆಯ ಕೆಲಸವಲ್ಲ.

ಮರಿಗಳು ಯಾವಾಗ, ಹೇಗೆ ಹೊರಬರುತ್ತವೆ?

ತತ್ತಿ ಒಡೆದ ರಾತ್ರಿಯೇ ಅಲ್ಲ. ಮೂತಿಯ ಮೇಲಿನ ಚಿಕ್ಕ ಮುಳ್ಳಿನಿಂದ ಸಿಪ್ಪೆ ಸೀಳಿ, ಒಡಹುಟ್ಟಿದವರೆಲ್ಲ ಕೂಡಿ ಉಸುಕು ಕೆರೆಯುತ್ತ ಮೇಲೇರಲು ಕೆಲವು ದಿನ ಬೇಕು. ಮೇಲಿನವು ಕೆರೆದ ಉಸುಕು ಕೆಳಗೆ ಇಳಿಯುತ್ತದೆ, ಕೆಳಗಿನವು ಅದನ್ನು ತುಳಿದು ಮೇಲೆ ಬರುತ್ತವೆ. ಮೇಲ್ಪದರದ ಉಸುಕು ಬಿಸಿಯಿದ್ದರೆ ಅಲ್ಲೇ ತಡೆದು, ತಂಪಾದಾಗ ಒಟ್ಟಿಗೆ ಹೊರಡುತ್ತವೆ. ಅದಕ್ಕೇ ಹೆಚ್ಚಾಗಿ ರಾತ್ರಿ. ಒಂದು ಮರಿಯ ಚಿಪ್ಪು 4 ಸೆಂ.ಮೀ. ಆಸುಪಾಸು, ತೂಕ 20 ಗ್ರಾಂ ಒಳಗೆ. ಹೊಟ್ಟೆಯಲ್ಲಿ ಉಳಿದ ಹಳದಿ ಭಂಡಾರವೇ ಮೊದಲ ಕೆಲವು ದಿನಗಳ ಬುತ್ತಿ. ಆ ಬಲದಲ್ಲೇ ಒಂದು ಹಗಲು ರಾತ್ರಿ ಬಿಡದೆ ಈಜಿ ದಂಡೆಯ ಹತ್ತಿರದ ಮೀನು, ಹಕ್ಕಿಗಳಿಂದ ದೂರವಾಗುತ್ತವೆ.

ಅಂದಮೇಲೆ ಮರಿಗಳನ್ನು ಟಬ್ಬಿನ ನೀರಿನಲ್ಲಿ ಇಟ್ಟು, ಬೆಳಗಾದ ಮೇಲೆ ಅತಿಥಿಗಳು ಬಂದು ಬಿಡುವುದು ಯಾಕೆ ತಪ್ಪೆಂದು ತಿಳಿದೀತು. ಬುತ್ತಿಯೆಲ್ಲ ಟಬ್ಬಿನಲ್ಲೇ ಖರ್ಚಾಗುತ್ತದೆ. ಹಗಲಿನಲ್ಲಿ ಕಾಗೆ, ಹದ್ದುಗಳ ಕಣ್ಣಿಗೂ ಬೀಳುತ್ತವೆ.

ಮಕ್ಕಳ ಕೈಯಲ್ಲಿ ಮರಿ ಬಿಡಿಸಬಹುದೇ?

ಕೈಗೆ ಕೊಡುವುದು ಬೇಡ, ನೋಡಲಿ. ಮರಿಯನ್ನು ನೀರಿಗೆ ಎಸೆಯಬಾರದು, ತೆರೆಯ ಅಂಚಿನಲ್ಲಿ ಇಡಲೂ ಬಾರದು. ಕೆಲವು ಮೀಟರ್ ತಾನೇ ತೆವಳಿ ಹೋಗಬೇಕು. ಹುಟ್ಟಿದ ಪ್ರದೇಶದ ಭೂಕಾಂತತೆಯ ಗುರುತು ಹಿಡಿದು ಹೆಣ್ಣು ಆಮೆ ದೊಡ್ಡದಾದ ಮೇಲೆ ಅದೇ ಸೀಮೆಯ ದಂಡೆಗಳಿಗೆ ಮರಳುತ್ತದೆ. ಮಕ್ಕಳು ಮರಿಗಳ ಹಿಂದೆ ನಿಲ್ಲಲಿ, ಮುಂದೆ ಅಲ್ಲ. ಕತ್ತಲಲ್ಲಿ ಮುಂದೆ ನಿಂತರೆ ಕಾಲಡಿಗೆ ಸಿಕ್ಕುತ್ತವೆ. ಓಡಾಡಿದ ಹೆಜ್ಜೆ ತಗ್ಗು, ಜೀಪಿನ ಗಾಲಿ ಜಾಡುಗಳಲ್ಲೂ ಮರಿ ಬಿದ್ದು ಒದ್ದಾಡುತ್ತದೆ.

ದಂಡೆಯ ದೀಪಗಳಿಂದ ಅಷ್ಟು ತೊಂದರೆಯೇ?

ಮರಿ ಹೋಗುವುದು ಎಲ್ಲಕ್ಕಿಂತ ಬೆಳಕಾದ ಕೆಳದಿಗಂತದ ಕಡೆಗೆ. ದೀಪವಿಲ್ಲದ ದಂಡೆಯಲ್ಲಿ ಅದು ಸಮುದ್ರ, ಯಾಕೆಂದರೆ ಗಿಡಮರಗಳಿರುವ ನೆಲದ ಕಡೆ ಕಪ್ಪಗಿರುತ್ತದೆ. ರೆಸಾರ್ಟಿನ ಬಿಳಿ ದೀಪ, ಹೆದ್ದಾರಿಯ ಕಂಬದ ದೀಪ, ನೀವು ಹಚ್ಚಿದ ಬೆಂಕಿ ಇದ್ದರೆ ಮರಿಗಳು ಅತ್ತ ನಡೆದು ರಸ್ತೆಗೆ ಬರುತ್ತವೆ, ಇಲ್ಲವೆ ಬೆಳಗಿನ ಬಿಸಿಲಿಗೆ ಒಣಗುತ್ತವೆ. ಉಳಿದುಕೊಂಡ ಕೋಣೆ ಸಮುದ್ರದ ಕಡೆಗಿದ್ದರೆ ರಾತ್ರಿ ಪರದೆ ಎಳೆದು ಹೊರದೀಪ ಆರಿಸಿ. ಪ್ರವಾಸಿಯೊಬ್ಬ ಆಮೆಗೆ ಮಾಡಬಹುದಾದ ಅತ್ಯಂತ ಉಪಯೋಗದ ಕೆಲಸ ಇದು, ಖರ್ಚೂ ಇಲ್ಲ.

ಸಾವಿರ ಮರಿಗೆ ಒಂದೇ ಉಳಿಯುತ್ತದೆ ಎನ್ನುತ್ತಾರೆ, ನಿಜವೇ?

ಅದು ರೂಢಿಯ ಅಂದಾಜು, ಎಣಿಸಿ ಹೇಳಿದ ಲೆಕ್ಕವಲ್ಲ. ದೊಡ್ಡದಾಗಲು ಹತ್ತು ಹದಿನೈದು ವರ್ಷ ಬೇಕು, ಅಷ್ಟರಲ್ಲಿ ಬಹಳಷ್ಟು ಸಾಯುತ್ತವೆ ಎನ್ನುವುದು ನಿಜ. ಹಾಗಾಗಿ ಬೆಳೆದ ಒಂದು ಹೆಣ್ಣು ಬಲೆಗೆ ಸಿಕ್ಕು ಸತ್ತರೆ ಆಗುವ ನಷ್ಟವನ್ನು ಒಂದೆರಡು ಗೂಡು ಕಾಯ್ದು ತುಂಬಲು ಆಗದು.

ದಂಡೆಯಲ್ಲಿ ಸತ್ತ ಅಥವಾ ಗಾಯಗೊಂಡ ಆಮೆ ಕಂಡರೆ?

ಕಡಲಾಮೆ ಉಸಿರಾಡಲು ನೀರಿನ ಮೇಲೆ ಬರಬೇಕು. ಟ್ರಾಲರ್ ಬಲೆಯೊಳಗೆ ಸಿಕ್ಕಿ ಮೇಲೆ ಬರಲಾಗದಿದ್ದರೆ ಮುಳುಗಿ ಸಾಯುತ್ತದೆ. ದಂಡೆಗೆ ಬರುವ ಹೆಣಗಳಿಗೆ ಇದೊಂದು ದೊಡ್ಡ ಕಾರಣ. ಬಲೆಯೊಳಗೆ ಸರಳುಗಳ ಚೌಕಟ್ಟು ಕೂರಿಸಿ, ಸೀಗಡಿ ಒಳಗೆ ಹೋಗಿ ಆಮೆ ಹೊರಬೀಳುವ ಬಾಗಿಲು ಇಡುವ ಸಾಧನವಿದೆ, ಟೆಡ್ ಎನ್ನುತ್ತಾರೆ. ಹೆಣವನ್ನು ಮುಟ್ಟದೆ 1926ಕ್ಕೆ ತಿಳಿಸಿ.

ಜೀವವಿರುವ ಆಮೆ ಹಗಲಿನಲ್ಲಿ ದಂಡೆಯಲ್ಲಿ ಸುಮ್ಮನೆ ಬಿದ್ದಿದ್ದರೆ ಅದನ್ನು ಮತ್ತೆ ನೀರಿಗೆ ನೂಕಬೇಡಿ. ಮುಳುಗಲು, ಈಜಲು ಶಕ್ತಿಯಿಲ್ಲದೆ ತಾನೇ ದಂಡೆಗೆ ಬಂದಿದೆ. ನೆರಳು ಮಾಡಿ, ಚಿಪ್ಪಿನ ಮೇಲೆ ಒದ್ದೆ ಬಟ್ಟೆ ಹಾಕಿ. ಮೂಗು, ಕಣ್ಣು ಮುಚ್ಚಬೇಡಿ, ಬಾಯಿಗೆ ನೀರು ಹಾಕಬೇಡಿ, ಬೆನ್ನಡಿ ಮಾಡಬೇಡಿ. ಹುಟ್ಟು ಹಿಡಿದು ಎಳೆದರೆ ಕೀಲು ತಪ್ಪುತ್ತದೆ. ಮೈಗೆ ಬಲೆ ಸುತ್ತಿದ್ದರೆ ಸಡಿಲವಾದದ್ದನ್ನು ಕತ್ತರಿಸಬಹುದು. ಮಾಂಸದೊಳಗೆ ಇಳಿದ ಹಗ್ಗ, ಗಾಳವನ್ನು ವೈದ್ಯರೇ ತೆಗೆಯಲಿ.

ತತ್ತಿ ತಿಂದರೆ ಶಕ್ತಿ ಬರುತ್ತದೆಯಂತೆ?

ಬರುವುದಿಲ್ಲ. ಬರುವುದು ಕೇಸು. ಕಡಲಾಮೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಬೇಟೆ, ತತ್ತಿ ತೆಗೆಯುವುದು, ಮಾರುವುದು, ಕೊಳ್ಳುವುದು ಸಾಬೀತಾದರೆ 3ರಿಂದ 7 ವರ್ಷ ಜೈಲು, ಜತೆಗೆ ಕನಿಷ್ಠ 25,000 ರೂಪಾಯಿ ದಂಡ. ಕೆಲವು ಕಡಲಾಮೆಗಳ ಮಾಂಸ ವಿಷವಾಗಿ ಜನ ಸತ್ತದ್ದೂ ಇದೆ, ಬೇಯಿಸಿದರೂ ಆ ವಿಷ ಹೋಗುವುದಿಲ್ಲ.

ನಮ್ಮ ತುಂಗಭದ್ರೆಯಲ್ಲಿರುವ ಆಮೆಗಳೂ ಇವೇ ಏನು?

ಅಲ್ಲ. ಅವು ಸಿಹಿನೀರಿನವು. ಹೊಳೆಯಲ್ಲಿ ಕಾಣುವ ದೊಡ್ಡ, ಮೆತ್ತನೆ ಚಿಪ್ಪಿನ, ಕೊಳವೆ ಮೂತಿಯ ಆಮೆ ಲೀತ್ಸ್ ಸಾಫ್ಟ್‌ಶೆಲ್. ದಕ್ಷಿಣ ಭಾರತದ ಹೊಳೆಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ, ಅಳಿವಿನ ಅಂಚಿಗೆ ಬಂದ ಜಾತಿ. ಕಾಲುವೆ, ಕೆರೆ, ಭತ್ತದ ಗದ್ದೆಯಲ್ಲಿ ಸಿಕ್ಕುವ ಚಿಕ್ಕದು ಫ್ಲಾಪ್‌ಶೆಲ್, ಅದರ ಹೊಟ್ಟೆಯ ಕಡೆ ಹಿಂಗಾಲು ಮುಚ್ಚಿಕೊಳ್ಳುವ ಮಡಿಕೆಗಳಿವೆ. ಮೆದುಚಿಪ್ಪಿನ ಆಮೆಗಳಲ್ಲಿ ಗಂಡು ಹೆಣ್ಣು ನಿರ್ಧಾರವಾಗುವುದು ವಂಶವಾಹಿಯಿಂದ, ಉಸುಕಿನ ಬಿಸಿಯಿಂದಲ್ಲ. ಸಿಪ್ಪೆಯೂ ಗಟ್ಟಿ, ಒಂದು ಸಲಕ್ಕೆ ಇಡುವ ತತ್ತಿಗಳೂ ಕಡಲಾಮೆಗಿಂತ ಬಹಳ ಕಡಿಮೆ.

ಎರಡಕ್ಕೂ ಬೇಕಾದದ್ದು ಮಾತ್ರ ಒಂದೇ, ದಂಡೆಯ ಉಸುಕು. ಕರಾವಳಿಯಲ್ಲಿ ಕಡಲ್ಕೊರೆತಕ್ಕೆಂದು ಹಾಕಿದ ಬಂಡೆಯ ತಡೆಗೋಡೆ ಆಮೆಗೆ ದಾರಿ ಮುಚ್ಚಿದರೆ, ನಮ್ಮಲ್ಲಿ ಟ್ರ್ಯಾಕ್ಟರು, ಜೆಸಿಬಿ ದಂಡೆಯನ್ನೇ ಹೊತ್ತೊಯ್ಯುತ್ತವೆ. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿ.ಮೀ. ತುಂಗಭದ್ರೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ಹೆಸರು ನೀರುನಾಯಿಯದಾದರೂ ಅದರ ನೆರಳಿನಲ್ಲಿ ಆಮೆಗಳೂ ಇವೆ.

ಹೊಳೆ ದಂಡೆಯಲ್ಲಿ ತತ್ತಿ ಸಿಕ್ಕರೆ ಮುಟ್ಟಬಹುದೇ?

ಮುಟ್ಟಬೇಡಿ, ಅಲ್ಲಿ ನಿಲ್ಲಲೂ ಬೇಡಿ. ತುಂಗಭದ್ರಾ, ಕೃಷ್ಣಾ ಎರಡರಲ್ಲೂ ಮೊಸಳೆಗಳಿವೆ, ಅವೂ ಬೇಸಿಗೆಯಲ್ಲಿ ದಂಡೆಯಲ್ಲೇ ತಗ್ಗು ತೋಡಿ ತತ್ತಿ ಇಡುತ್ತವೆ. ಅಂಡಾಕಾರದ, ಕೋಳಿ ತತ್ತಿಗಿಂತ ದೊಡ್ಡ, ಗಟ್ಟಿ ಸಿಪ್ಪೆಯ ತತ್ತಿಗಳು ಕಂಡರೆ ಮೊಸಳೆಯದೆಂದೇ ತಿಳಿದು ಹಿಂದೆ ಸರಿಯಿರಿ. ಆಮೆಯ ತತ್ತಿ ದುಂಡಗೆ, ಚಿಕ್ಕದಾಗಿರುತ್ತದೆ. ತಾಯಿ ಮೊಸಳೆ ಗೂಡಿನ ಹತ್ತಿರವೇ ಇರುತ್ತದೆ, ಕಡಲಾಮೆಯ ಹಾಗೆ ಬಿಟ್ಟು ಹೋಗುವುದಿಲ್ಲ.

ಕಾಲುವೆ ಬಂದ್ ಆದಾಗ ಗದ್ದೆಯಲ್ಲಿ, ಹೂಳಿನಲ್ಲಿ ಆಮೆ ಸಿಗುತ್ತದೆ. ಏನು ಮಾಡಬೇಕು?

ಗಂಗಾವತಿ, ಸಿಂಧನೂರು, ಕಂಪ್ಲಿ ಕಡೆಯ ರೈತರ ಪ್ರಶ್ನೆ ಇದು. ನೀರು ಬತ್ತಿದಾಗ ಫ್ಲಾಪ್‌ಶೆಲ್ ಕೆಸರಿನೊಳಗೆ ಹುದುಗಿ ಮುಂದಿನ ನೀರಿನವರೆಗೆ ಹಾಗೇ ಇರಬಲ್ಲದು. ಸತ್ತಂತೆ ಕಂಡರೂ ಸತ್ತಿರುವುದಿಲ್ಲ. ನೇಗಿಲು, ರೋಟವೇಟರ್ ತಗಲುವ ಜಾಗವಾದರೆ ಚಿಪ್ಪಿನ ಎರಡೂ ಬದಿ, ಹಿಂಗಾಲಿನ ಮುಂದೆ ಹಿಡಿದು ಎತ್ತಿ ಹತ್ತಿರದ ಕೆರೆ, ಹೊಂಡದ ಅಂಚಿನಲ್ಲಿ ಬಿಡಿ. ಕುತ್ತಿಗೆ ಉದ್ದ, ಕಚ್ಚುತ್ತದೆ, ಬೆರಳು ಜೋಪಾನ. ಮನೆಗೆ ತರಬೇಡಿ. ಇದೂ ಮೊದಲ ಅನುಸೂಚಿಯ ಪ್ರಾಣಿಯೇ.

ಹೊಳೆಯ ಆಮೆಯನ್ನು ಸಮುದ್ರಕ್ಕೆ, ಮನೆಯಲ್ಲಿ ಸಾಕಿದ್ದನ್ನು ಹೊಳೆಗೆ ಬಿಡಬಹುದೇ?

ಎರಡೂ ಬೇಡ. ಸಿಹಿನೀರಿನ ಆಮೆಗೆ ಉಪ್ಪು ಹೊರಹಾಕುವ ಆ ಗ್ರಂಥಿಯಿಲ್ಲ, ಸಮುದ್ರದಲ್ಲಿ ಬದುಕುವುದಿಲ್ಲ. ಅಕ್ವೇರಿಯಂ ಅಂಗಡಿಯಲ್ಲಿ ಕೊಂಡ ಕೆಂಪು ಕಿವಿಯ ಆಮೆ ಅಮೆರಿಕದ ಮೂಲದ್ದು, ಹೊಳೆ, ಪುಷ್ಕರಣಿ ಸೇರಿದರೆ ನಮ್ಮ ಆಮೆಗಳ ಆಹಾರ, ಜಾಗ ಕಸಿಯುತ್ತದೆ. ಮನೆಗೆ ಅದೃಷ್ಟವೆಂದು ಇಟ್ಟುಕೊಂಡ ನಕ್ಷತ್ರ ಆಮೆ ನೆಲದ ಮೇಲಿನದು, ನೀರಿಗೆ ಬಿಟ್ಟರೆ ಮುಳುಗಿ ಸಾಯುತ್ತದೆ. ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ಅರಣ್ಯ ಇಲಾಖೆಗೆ ಒಪ್ಪಿಸುವುದೊಂದೇ ದಾರಿ.

ಶಾಲೆಯ ಪ್ರವಾಸಕ್ಕೆ ಮಕ್ಕಳನ್ನು ಕರೆದೊಯ್ಯುವ ಶಿಕ್ಷಕರು ಏನೇನು ಸಿದ್ಧಮಾಡಿಕೊಳ್ಳಬೇಕು?

ಹೊರಡುವ ವಾರ ಮೊದಲೇ ಆ ಕಡೆಯ ಅರಣ್ಯ ಕಚೇರಿಗೆ ಮಕ್ಕಳ ಸಂಖ್ಯೆ, ತಾರೀಖು ತಿಳಿಸಿ. ಇಡೀ ಬಸ್ಸಿನ ಮಕ್ಕಳನ್ನು ಒಮ್ಮೆಲೇ ದಂಡೆಗೆ ಬಿಡಬೇಡಿ, ಹತ್ತು ಹತ್ತರ ಗುಂಪು, ಗುಂಪಿಗೊಬ್ಬ ಶಿಕ್ಷಕರು. ಕಪ್ಪು ಅಥವಾ ಗಾಢ ಬಣ್ಣದ ಬಟ್ಟೆ ಇರಲಿ, ಮಿಂಚುವ ದೀಪದ ಬೂಟು ಬೇಡ. ಹಗಲಿನಲ್ಲೇ ಒಮ್ಮೆ ದಂಡೆ ತೋರಿಸಿ, ಭರತದ ಗೆರೆ ಎಲ್ಲಿದೆ ಎಂದು ಗುರುತು ಹಿಡಿಯಲು ಕಲಿಸಿ. ರಾತ್ರಿ ಯಾರೂ ನೀರಿಗೆ ಇಳಿಯಕೂಡದು, ಈ ವಿಷಯದಲ್ಲಿ ರಿಯಾಯಿತಿ ಬೇಡ. ಹೊಳೆಯಲ್ಲಿ ಈಜು ಬಲ್ಲ ಮಕ್ಕಳೂ ಸಮುದ್ರದ ಸೆಳೆತ ಅರಿಯರು. ತುರ್ತಿಗೆ 112. ಕೆಂಪು ಜಿಲೆಟಿನ್ ಕಾಗದ ಕರಾವಳಿಯ ಪೇಟೆಯಲ್ಲಿ ರಾತ್ರಿ ಹುಡುಕಿದರೆ ಸಿಗುವುದಿಲ್ಲ, ಊರಿನ ಸ್ಟೇಷನರಿ ಅಂಗಡಿಯಲ್ಲೇ ಕೊಂಡು ಬ್ಯಾಟರಿಗೆ ಕಟ್ಟಿಕೊಂಡೇ ಬಸ್ಸು ಹತ್ತಿ.